ನೂರಾ ಹತ್ತು ಹೆಜ್ಜೆ

ಕೆಂಚಣ್ಣನನ್ನು ಕಳ್ಳ ಅನ್ನುವ ಧೈರ್ಯ ಗಾದಿಗನೂರಿನಲ್ಲಿ ಯಾರಿಗೂ ಇಲ್ಲ. ಯಾರಾದರೂ ಹಾಗಂದರೆ ಮೊದಲು ತೋಳೇರಿಸುವವನು ನಾನೇ. ಆದರೆ ನಮ್ಮ ಫುಟ್‌ಬಾಲ್ ಮೈದಾನದ ಹದಿನೆಂಟು ಮೀಟರ್ ಎಲ್ಲಿ ಹೋಯಿತು ಅಂತ ಕೇಳಿದಾಗ ನನಗೂ ತಲೆ ಗಿಮ್ಮೆಂದಿತ್ತು.

ಆ ಕೆಂಪು ಮಣ್ಣಿನ ಮೈದಾನವನ್ನು ಮೂವತ್ತು ವರ್ಷ ನೋಡಿಕೊಂಡವನು ಕೆಂಚಣ್ಣ. ಹಗಲೆಲ್ಲ ಹೊಲದ ಕೆಲಸ, ಸಂಜೆ ಮೈದಾನಕ್ಕೆ ನೀರು, ಸುಣ್ಣದ ಗೆರೆ. ಪಡುವಣ ದಿಕ್ಕು ತಗ್ಗು, ಮಳೆ ನೀರು ನಿಲ್ಲುತ್ತದೆ. ಹಾಗಾಗಿ ಆ ಕಡೆಯ ಗೋಲ್ ಕಂಬಗಳನ್ನು ಮಳೆಗಾಲಕ್ಕೆ ಕಿತ್ತಿಟ್ಟು, ದಸರೆ ಹೊತ್ತಿಗೆ ಮತ್ತೆ ನೆಡುವುದು ರೂಢಿ. ಟೇಪು ಯಾವನ ಹತ್ತಿರ ಇತ್ತು? ಮೂಡಣ ಗೋಲಿನಿಂದ ಕೆಂಚಣ್ಣ ಬರಿಗಾಲಲ್ಲಿ ನೂರಾ ಹತ್ತು ಹೆಜ್ಜೆ ಹಾಕುತ್ತಿದ್ದ. ಅವನು ನಿಂತಲ್ಲಿ ಗುಂಡಿ ತೋಡುತ್ತಿದ್ದೆವು. ಸಂಡೂರಿನವರಾಗಲಿ ಕಂಪ್ಲಿಯವರಾಗಲಿ, ಆ ಅಳತೆಗೆ ಎದುರಾಡಿದ್ದಿಲ್ಲ.

ಈ ವರ್ಷ ಕೃತಕ ಹುಲ್ಲಿನ ಟರ್ಫು, ಲೈಟು, ಗ್ಯಾಲರಿ ಎಲ್ಲ ಮಂಜೂರಾಯಿತು. ಕ್ರೀಡಾ ಇಲಾಖೆಯ ಎಂಜಿನಿಯರ್ ಮನೋಹರ್ ಹಳೆಯ ನಕ್ಷೆ ಹಿಡಿದು ಬಂದ. ನಕ್ಷೆಯಲ್ಲಿ ಗೋಲಿನಿಂದ ಗೋಲಿಗೆ ನೂರು ಮೀಟರ್, ಟೇಪಿನಲ್ಲಿ ಎಂಬತ್ತೆರಡು. ಪಡುವಣ ಗೋಲಿನ ಹಿಂದೆ ಹಂಪಕ್ಕನ ತಗಡಿನ ಶೆಡ್ಡು, ಮಂಡಕ್ಕಿ ಒಗ್ಗರಣಿ, ಮಿರ್ಚಿಯ ಅಂಗಡಿ. "ಒತ್ತುವರಿ" ಎಂದು ಬರೆದುಕೊಂಡ. ವಾರದಲ್ಲಿ ಶೆಡ್ಡು ತೆರವಾಗಬೇಕು ಎಂದ.

ಹಂಪಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ನಾ ಯಾಕ ಕಬ್ಜಾ ಮಾಡ್ಲಿ? ಐದು ವರ್ಷದ ಹಿಂದ ಕೆಂಚಣ್ಣನೇ ತೋರ್ಸ್ಯಾನ. ಗೋಲಿನ ಹಿಂದ ಹದಿನೈದು ಹೆಜ್ಜಿ ಬಿಟ್ಟು ಹಾಕ್ಕೋ ಅಂದಾನ. ಕೇಳ್ರಿ ಅವ್ನ!"

ಆ ಶೆಡ್ಡು ಹೋದರೆ ಅವಳು ಮತ್ತೆ ಹೈವೇ ಬದಿಯಲ್ಲಿ ಅದಿರು ಲಾರಿಗಳ ಧೂಳು ಕುಡಿಯುತ್ತ ತಳ್ಳುಗಾಡಿ ನಿಲ್ಲಿಸಬೇಕು. ಅದು ಕೆಂಚಣ್ಣನಿಗೂ ಗೊತ್ತು. "ನನ್ನ ಲೆಕ್ಕ ತಪ್ಪಂಗಿಲ್ರಿ ಸಾಹೇಬ್ರ, ನೋಡ್ರಿ" ಎಂದು ಎಲ್ಲರೆದುರು ನಡೆದ. ನೂರಾ ಹತ್ತಕ್ಕೆ ಸರಿಯಾಗಿ ಅವನ ಕೈ ಕಂಬಕ್ಕೆ ತಾಗಿತು. ನಾವೆಲ್ಲ ಶಿಳ್ಳೆ ಹೊಡೆದೆವು. ಮನೋಹರ್ ಮತ್ತೆ ಟೇಪು ಎಳೆಸಿದ. ಎಂಬತ್ತೆರಡೇ!

"ಹೆಜ್ಜಿ ಸರಿ ಐತಿ, ಟೇಪೂ ಸರಿ ಐತಿ. ಇದೆಂಥಾ ಮಾಯಾ ಮಾರಾಯಾ?" ಎಂದು ಕೆಂಚಣ್ಣ ನನ್ನ ಮುಖ ನೋಡಿದ. ನಾನು ಯಾರ ಮುಖ ನೋಡಲಿ? ಇಪ್ಪತ್ತು ವರ್ಷ ಇಲ್ಲೇ ಗೋಲ್‌ಕೀಪರ್ ಆಗಿದ್ದವನು. ಹರೆಯದಲ್ಲಿ ಅರ್ಧ ಮೈದಾನ ದಾಟದ ನನ್ನ ಕಿಕ್ಕು, ನಲವತ್ತಾದ ಮೇಲೆ ಅರ್ಧ ದಾಟಿ ಬೀಳುತ್ತಿತ್ತು. ಜೋಳದ ರೊಟ್ಟಿಯ ತಾಕತ್ತು ಅಂತ ಕಂಪ್ಲಿಯವರೆದುರು ಎಷ್ಟು ಕೊಚ್ಚಿಕೊಂಡಿದ್ದೆ!

"ನೀನು ನಡಿ ನೋಡೋಣು" ಎಂದ ಕೆಂಚಣ್ಣ. ನಡೆದೆ. ತೊಂಬತ್ತಕ್ಕೇ ಕಂಬ ಬಂತು. "ನಿಲ್ಲಬ್ಯಾಡ, ನಡಿ" ಎಂದ. ನೂರಾ ಹತ್ತನೆಯ ಹೆಜ್ಜೆಗೆ ನಾನು ಹಂಪಕ್ಕನ ಒಲೆಯ ಮುಂದಿದ್ದೆ, ಬಾಣಲೆಯಲ್ಲಿ ಮಿರ್ಚಿ ಬೇಯುತ್ತಿತ್ತು.

ಆಗಲೇ ತಿಳಿದದ್ದು. ಎಣಿಕೆ ಎಂದೂ ತಪ್ಪಿರಲಿಲ್ಲ. ಕೆಂಚಣ್ಣನ ಹೆಜ್ಜೆ ಗಿಡ್ಡವಾಗಿತ್ತು. ವಯಸ್ಸು, ಮೇಲೆ ಮೊಣಕಾಲು ನೋವು. ವರ್ಷಕ್ಕೊಂದು, ಒಂದೂವರೆ ಮೊಳ ಕಂಬ ಒಳಗೆ ಸರಿದಿದೆ. ಕೆಂಚಣ್ಣ ತನ್ನ ಪಾದಗಳನ್ನೇ ನೋಡುತ್ತ ಕುಕ್ಕರಗಾಲಲ್ಲಿ ಕೂತುಬಿಟ್ಟ. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

ಕೆಂಚಣ್ಣ ಎದ್ದು ಮನೋಹರನ ಹತ್ತಿರ ಹೋದ. "ಕಬ್ಜಾ ಮಾಡಿದ್ದು ಆಕಿ ಅಲ್ರಿ, ನಾನು. ನೋಟಿಸ್ ನನ್ನ ಹೆಸರಿಗೆ ಬರೀರಿ."

"ನಿಮ್ಮ ಹೆಸರಿಗೆ ಏನಂತ ಬರೀಲಿ ಯಜಮಾನ್ರೇ?" ಎಂದ ಮನೋಹರ್. ಪೆನ್ನು ತೆಗೆದ, ಮುಚ್ಚಿದ, ಮತ್ತೆ ತೆಗೆದ. ಕೊನೆಗೆ ಒತ್ತುವರಿ ಎಂಬುದನ್ನು ಹೊಡೆದುಹಾಕಿ, "ಸ್ಥಳಾಂತರ" ಎಂದು ಬರೆದು, ಕಚೇರಿಗೆ ನಾಲ್ಕು ಸಲ ಫೋನ್ ಮಾಡಿ, ಹೊಸ ಗೇಟಿನ ಪಕ್ಕ ಅಂಗಡಿಗೆ ಜಾಗ ಕೊಡಿಸಿದ.

ಶೆಡ್ಡು ಬಿಚ್ಚಿದ ದಿನ ಹಂಪಕ್ಕ ಒಲೆ, ಬಾಣಲೆಗಳನ್ನು ತಾನೇ ಹೊತ್ತಳು. ತಗಡುಗಳನ್ನೆಲ್ಲ ಗೇಟಿನ ಹತ್ತಿರ ಸಾಗಿಸಿದ ಮೇಲೆ, ಅಂಗಡಿಯ ಜಾಗ ಅಳೆಯಲು ಕೆಲಸದವನು ಟೇಪು ಬಿಚ್ಚಿದ. ಅವಳು ತಡೆದಳು.

"ತಡೀಪಾ. ಕೆಂಚಣ್ಣಾ, ಎಲ್ಲಿ ಹಾಕ್ಲಿ ಹೇಳು."

ಅವನು ಎರಡು ಹೆಜ್ಜೆ ಹಿಂದೆ ಸರಿದ. "ಬ್ಯಾಡ ತಂಗಿ. ಇವು ಮೋಸ ಮಾಡ್ಯಾವ."

"ಕಾಲು ಮಾಡ್ಯಾವ, ನೀ ಎಲ್ಲಿ ಮಾಡೀದಿ?" ಅಂದಳು ಹಂಪಕ್ಕ. "ಬಾ, ಜಲ್ದಿ ಬಾ. ಬಿಸಿಲೇರಾಕತ್ತೈತಿ."