ಬಿಸಿಲಿಗಿಟ್ಟ ಸೆಲ್ಲುಗಳು

ನಮ್ಮ ಮದುವೆಯಲ್ಲಿ ನನ್ನ ಅಪ್ಪ ಅಳಿಯನಿಗೆಂದು ಕೊಟ್ಟ ಟ್ರಾನ್ಸಿಸ್ಟರನ್ನು ಆ ಅಳಿಯನಿಗಿಂತ ಹೆಚ್ಚು ಕೇಳಿದವರು ಬೆಸಗರಹಳ್ಳಿ ಹತ್ತಿರದ ಒಂದು ಶಾಲೆಯ ಏಳನೇ ತರಗತಿ ಮಕ್ಕಳು. ಎಪ್ಪತ್ತರ ದಶಕದ ಆ ದಿನಗಳಲ್ಲಿ ನಾನು ಮಂಡ್ಯದ ಗುತ್ತಲಿನಿಂದ ಬಸ್ಸಿನಲ್ಲಿ ಹೋಗಿ ಅಲ್ಲಿ ಪಾಠ ಮಾಡುತ್ತಿದ್ದೆ. ಮಧ್ಯಾಹ್ನ ರೇಡಿಯೊದಲ್ಲಿ ಶಾಲೆಯ ಮಕ್ಕಳಿಗೆಂದೇ ಪಾಠ ಬರುತ್ತಿತ್ತು. ನಮ್ಮ ಶಾಲೆಯಲ್ಲಿ ರೇಡಿಯೊ ಇರಲಿಲ್ಲ, ಅದಕ್ಕೇ ಮನೆಯ ಟ್ರಾನ್ಸಿಸ್ಟರನ್ನೇ ಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದೆ. "ನನ್ನ ವರೋಪಚಾರ, ಹುಷಾರು!" ಎಂದು ಬೆಳಿಗ್ಗೆ ಬೆಳಿಗ್ಗೆ ನನ್ನ ಗಂಡ ರೇಗಿಸುತ್ತಿದ್ದರು.

ಅಂಗೈಗಿಂತ ಸ್ವಲ್ಪವೇ ದೊಡ್ಡದಾದ ಆ ಪೆಟ್ಟಿಗೆ ಮೇಜಿನ ಮೇಲಿಟ್ಟರೆ ಬರೀ ಗೊರಗೊರ. ಕಿಟಕಿಯ ಹತ್ತಿರ ಒಂದೇ ಕಡೆಗೆ ತಿರುಗಿಸಿ, ಅಲುಗಾಡದೆ ಹಿಡಿದುಕೊಂಡರೆ ಮಾತ್ರ ಮಾತು ಕೇಳುತ್ತಿತ್ತು. ನನಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಹಿಂದಿನ ಸಾಲಿನ ಒಬ್ಬ ಹುಡುಗಿ ಅರ್ಧ ಗಂಟೆ ಕದಲದೆ ಹಿಡಿದಿರುತ್ತಿದ್ದಳು. ಅವಳೆಂದರೆ ನನಗೆ ಪ್ರಾಣ. ಅದು ಬೇರೆಯವರಿಗೆ ಗೊತ್ತಾಗಬಾರದೆಂದು ಅವಳಿಗೇ ಹೆಚ್ಚು ಬೈಯುತ್ತಿದ್ದೆ.

ಅವಳ ಅಪ್ಪ ಕಬ್ಬು ಬೆಳೆಯುವವನು. ಒಂದು ದಿನ ಶಾಲೆಗೇ ಬಂದ. "ಸಂಕ್ರಾಂತಿ ಆದ್ಮೇಕೆ ಇವ್ಳ್ನ ಕಳ್ಸಕ್ಕಿಲ್ಲ ಮೇಡಮ್ಮೋರೆ. ಮನೇಲಿ ಕೂಸ್ ನೋಡ್ಕಳೋರಿಲ್ಲ. ಓದಿ ಏನಾಗ್ಬೇಕು?" ಎಂದ. ಬೇಸಿಗೆಯ ಪರೀಕ್ಷೆಯವರೆಗಾದರೂ ಬಿಡು ಎಂದು ನಾನು ಜಗಳಕ್ಕೇ ನಿಂತೆ. ಅವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ, ಒಪ್ಪಲಿಲ್ಲ.

ಅದೇ ವಾರ ರೇಡಿಯೊದವರಿಂದ ಒಂದು ಕಾರ್ಡು ಬಂತು. ನಮ್ಮ ಮಕ್ಕಳೆಲ್ಲ ಒಂದೊಂದು ಪ್ರಶ್ನೆ ಬರೆದು ಅವರಿಗೆ ಕಳಿಸಿದ್ದರು. ಅದರಲ್ಲಿ ಆ ಹುಡುಗಿಯ ಪ್ರಶ್ನೆಗೆ ಶುಕ್ರವಾರ ಉತ್ತರ ಕೊಡುತ್ತಾರಂತೆ. ಮಗಳ ಹೆಸರು ರೇಡಿಯೊದಲ್ಲಿ ಬಂದರೆ ಅಪ್ಪನ ಮನಸ್ಸು ಕರಗೀತೆಂದು, ಶುಕ್ರವಾರ ತಪ್ಪದೆ ಬರಬೇಕೆಂದು ಅವನಿಗೆ ಹೇಳಿಕಳಿಸಿದೆ.

ಸೆಲ್ಲುಗಳು ಸೋತಿದ್ದವು. ಆಗ ಸೋತ ಸೆಲ್ಲನ್ನು ಯಾರೂ ಎಸೆಯುತ್ತಿರಲಿಲ್ಲ. ಹಪ್ಪಳದ ಹಾಗೆ ಬಿಸಿಲಿಗಿಟ್ಟರೆ ಒಂದೆರಡು ದಿನದ ಮಟ್ಟಿಗೆ ಮತ್ತೆ ಜೀವ ಬರುತ್ತಿತ್ತು. ಶುಕ್ರವಾರ ಬೆಳಿಗ್ಗೆ ನಾನೂ ಅವನ್ನು ಶಾಲೆಯ ಜಗುಲಿಯ ತಗ್ಗಾದ ಹೆಂಚಿನ ಸೂರಿನ ಮೇಲೆ ಇಟ್ಟೆ. ಇಟ್ಟವಳು ಮರೆತೇಬಿಟ್ಟೆ. ಮಧ್ಯಾಹ್ನ ಹುಡುಗಿಯ ಅಪ್ಪ ಬಂದು ಬಾಗಿಲಲ್ಲಿ ಕೂತ. ಹುಡುಗಿ ಟ್ರಾನ್ಸಿಸ್ಟರ್ ಕೈಗೆತ್ತಿಕೊಂಡು, "ತೂಕಾನೇ ಇಲ್ವಲ್ಲ ಮೇಡಂ" ಎಂದಾಗಲೇ ನೆನಪಾದದ್ದು.

ಸೀರೆ ಎತ್ತಿ ಕಟ್ಟಿ ಬೆಂಚು ಹತ್ತಿದೆ. ಸುಡುತ್ತಿದ್ದ ಸೆಲ್ಲುಗಳನ್ನು ಸೆರಗಿನಲ್ಲಿ ಹಾಕಿಕೊಂಡು ಬಂದು ತುರುಕಿದೆ. ಸದ್ದಿಲ್ಲ. ಗಾಬರಿಯಲ್ಲಿ ಒಂದನ್ನು ತಿರುಗಾಮುರುಗಾ ಹಾಕಿದ್ದೆ. ಹುಡುಗಿ ಅದನ್ನು ಸರಿಮಾಡಿ ಕಿಟಕಿಗೆ ಹಿಡಿಯುವ ಹೊತ್ತಿಗೆ ರೇಡಿಯೊದಲ್ಲಿ ಅವಳ ಹೆಸರೂ ಹೇಳಿಯಾಗಿತ್ತು, ಊರೂ ಹೇಳಿಯಾಗಿತ್ತು. ಅಪ್ಪನನ್ನು ಕರೆಸಿದ್ದೇ ಅದಕ್ಕೆ. ನನಗೆ ಅಳುವೇ ಬಂತು.

ರೇಡಿಯೊದಲ್ಲಿ ಒಬ್ಬರು ಸೂಲಂಗಿಯ ವಿಷಯ ಹೇಳುತ್ತಿದ್ದರು. ಸೂಲಂಗಿಯೆಂದರೆ ಕಬ್ಬಿನ ಹೂವು. ಅದು ಬಂದ ಮೇಲೆ ಕಬ್ಬು ಬೆಳೆಯುವುದಿಲ್ಲ, ಕೂಡಿಟ್ಟ ಸಕ್ಕರೆಯನ್ನು ಹೂವಿಗೇ ಖರ್ಚುಮಾಡಿ ಒಳಗೆ ಬೆಂಡಾಗುತ್ತದೆ, ತಡಮಾಡದೆ ಕಡಿಯಬೇಕು ಎಂದರು.

ಬಾಗಿಲಲ್ಲಿದ್ದವನು ಎದ್ದು ನಿಂತ. "ಅವತ್ತು ಉಣ್ಣೋವಾಗ ನಾನ್ ಕೇಳಿದ್ದಲ್ವಾ ಇದು? ಸೂಲಂಗಿ ಬಂದ್ರೆ ಯಾಕ್ ಬೆಂಡಾಯ್ತದೆ ಅಂತ?"

ಮಗಳು ಟ್ರಾನ್ಸಿಸ್ಟರ್ ಅಲುಗಿಸದೆ ತಲೆಯಾಡಿಸಿದಳು. "ನಿಂಗ್ಯಾರೂ ಯೇಳ್ನಿಲ್ವಲ್ಲಪ್ಪ. ಅದ್ಕೇ ಬರ್ದೆ."

ಆ ಪ್ರಶ್ನೆಯನ್ನು ನಾನು ಓದಿಯೇ ಕಳಿಸಿದ್ದೆ. ಅದು ಅವಳ ಅಪ್ಪನದೆಂದು ನನಗೆ ಗೊತ್ತಿರಲಿಲ್ಲ.

ಪಾಠ ಮುಗಿಯುವವರೆಗೂ ಅವನು ನಿಂತೇ ಇದ್ದ. ಆಮೇಲೆ ಮಗಳಿಗೆ, "ಇನ್ನೊಂದ್ ಕೇಳದೈತೆ ಕಣವ್ವ, ಬರ್ಕೊ" ಎಂದ. ನನ್ನ ನಾಲಿಗೆ ಸುಮ್ಮನಿರಬೇಕಲ್ಲ! "ಉತ್ತರ ಬರೋಕೆ ಎರಡು ತಿಂಗಳಾದರೂ ಆಗುತ್ತಪ್ಪ. ಅಷ್ಟರಲ್ಲಿ ಸಂಕ್ರಾಂತಿ ಕಳೆದುಹೋಗಿರುತ್ತೆ" ಎಂದೆ.

ಅವನು ನನ್ನ ಕಡೆ ನೋಡಲಿಲ್ಲ. ಮಗಳನ್ನೇ ನೋಡುತ್ತಿದ್ದ.

"ಆಗ್ಲಿ ಬುಡಿ ಮೇಡಮ್ಮೋರೆ. ಯಾವತ್ ಬಂದ್ರೂ ರೇಡಿಯಾ ಇಡ್ಕಳಕ್ಕೆ ಇವ್ಳು ಇಲ್ಲೇ ಇರ್ತಾಳಲ್ಲ."