ರುದ್ರಣ್ಣನ ಅಂದಾಜು

ಮೊನ್ನೆ ಬೇಲೂರಿನಿಂದ ಅರಸೀಕೆರೆಗೆ ಬಸ್ಸಿನಲ್ಲಿ ಬರುತ್ತಿದ್ದೆ. ಹಳೇಬೀಡಿನಲ್ಲಿ ನಾಲ್ಕೈದು ಹುಡುಗಿಯರು ಹಾಕಿ ಸ್ಟಿಕ್ಕು ಹಿಡಿದು ಹತ್ತಿದರು. ಅವರ ಹಿಂದೆಯೇ ನೋವಿನ ಮುಲಾಮಿನ ಘಾಟು. ಆ ವಾಸನೆ ಮೂಗಿಗೆ ಬಡಿದರೆ ಸಾಕು, ನನ್ನ ಹಳೆಯ ಚಾಳಿ ಎದ್ದು ಕೂರುತ್ತದೆ: ಇವರಲ್ಲಿ ಯಾರು ಆಯ್ಕೆಯಾಗುತ್ತಾರೆ? ಜಾವಗಲ್ ಬರುವುದರೊಳಗೆ, ಆಟವನ್ನೇ ನೋಡದೆ, ಇಬ್ಬರನ್ನು ಆರಿಸಿಯೂ ಬಿಟ್ಟೆ. ನನ್ನ ಅಂದಾಜು ಎಷ್ಟು ಗಟ್ಟಿ ಎಂದು ಮಾತ್ರ ನೀವು ಕೇಳಬಾರದು.

ಈ ಚಾಳಿ ನನಗೆ ಅಂಟಿದ್ದು ರುದ್ರಣ್ಣನಿಂದ. ಅರಸೀಕೆರೆಯಲ್ಲಿ ಅವರದು ಕೊಬ್ಬರಿ ವ್ಯಾಪಾರ. ಬೇಸಿಗೆಯಲ್ಲಿ ಕ್ರೀಡಾ ಹಾಸ್ಟೆಲ್ಲಿಗೆ ಮಕ್ಕಳನ್ನು ಆರಿಸುವ ದಿನ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಮೈದಾನಕ್ಕೆ ಬಂದುಬಿಡುತ್ತಿದ್ದರು. ಬೇವಿನ ಮರದಡಿ ನಾವೊಂದಿಷ್ಟು ಜನ ಅವರ ಸುತ್ತ ಕೂರುತ್ತಿದ್ದೆವು. ಆಯ್ಕೆಗಾರರು ಹೆಸರು ಓದುವ ಮೊದಲು ನಮ್ಮ ನಮ್ಮ ಅಂದಾಜು ಹೇಳಬೇಕು. ನಾನು ಜೋರಾಗಿ ಹೊಡೆಯುವವರ ಹೆಸರು ಹೇಳಿ ಪ್ರತಿ ವರ್ಷ ನಗೆಪಾಟಲಾಗುತ್ತಿದ್ದೆ. ರುದ್ರಣ್ಣ ತಪ್ಪಿದ್ದು ನೆನಪಿಲ್ಲ.

“ಚೆಂಡು ತಮ್ ತಾವ ಇದ್ದಾಗ ಎಲ್ರೂ ಚೆನ್ನಾಗೇ ಆಡ್ತಾರೆ ಕಣೋ. ಕಳ್ಕಂಡ್ಮೇಲೆ ಏನ್ ಮಾಡ್ತಾರೆ, ಅದನ್ನ ನೋಡು,” ಎನ್ನುತ್ತಿದ್ದರು.

ಒಂದು ವರ್ಷ ಅವರ ಮಗಳು ಶಶಿಕಲಾಳೇ ಆಯ್ಕೆಗೆ ನಿಂತಳು. ಅವಳಿಗೆ ಸ್ಟಿಕ್ಕು ಕೊಡಿಸಿದವರು, ದಿನಾ ಬೆಳಿಗ್ಗೆ ಮೈದಾನಕ್ಕೆ ಕರೆತರುತ್ತಿದ್ದವರು ರುದ್ರಣ್ಣನೇ. ಮುಂದಿನ ಸಾಲಿನಲ್ಲಿ ಆಡುವವರಿಗೆ ಉಳಿದದ್ದು ಒಂದೇ ಜಾಗ. ಆಟದ ನಡುವೆ ಬಿಡುವು ಕೊಟ್ಟಾಗ ನಮ್ಮಲ್ಲೊಬ್ಬ, “ಅದು ನಮ್ ಶಶೀದೇ ಬಿಡಣ್ಣ,” ಎಂದ.

“ಇಲ್ಲ. ಆ ಜಾವಗಲ್ ಹುಡುಗಿ ಆಯ್ತಾಳೆ,” ಎಂದರು ರುದ್ರಣ್ಣ.

ನೀರು ಕುಡಿಯಲು ಬಂದಿದ್ದ ಶಶಿಕಲಾ ನಮ್ಮ ಬೆನ್ನ ಹಿಂದೆಯೇ ನಿಂತಿದ್ದಳು. ಬಾಟಲಿಯನ್ನು ಹಾಗೆಯೇ ಕೆಳಗಿಟ್ಟು ಹೋದಳು.

ಸಂಜೆ ಓದಿದ್ದು ಜಾವಗಲ್ ಹುಡುಗಿಯ ಹೆಸರನ್ನೇ. ಎಲ್ಲರೂ ಚಪ್ಪಾಳೆ ತಟ್ಟಿದರು, ಶಶಿಕಲಾ ಕೂಡ. ರುದ್ರಣ್ಣನ ಕೈಗಳು ಮಾತ್ರ ಮಂಡಿಯ ಮೇಲಿಂದ ಏಳಲಿಲ್ಲ. ಅಷ್ಟು ವರ್ಷಗಳಲ್ಲಿ ಅಂದೊಂದು ದಿನ ಅವರು ತಮ್ಮ ಅಂದಾಜು ಸುಳ್ಳಾಗಲಿ ಎಂದು ಬಯಸಿದ್ದರೆಂದು ಕಾಣುತ್ತದೆ. ಅವಳು ಅಪ್ಪನ ಸ್ಕೂಟರ್ ಹತ್ತದೆ ನಡೆದೇ ಹೊರಟಳು. ರುದ್ರಣ್ಣ ಸ್ಕೂಟರನ್ನು ತಳ್ಳಿಕೊಂಡು ಅವಳ ಹಿಂದೆ ಹಿಂದೆ ಮನೆಯವರೆಗೂ ನಡೆದರು.

ಆಮೇಲೆ ಬಹಳ ದಿನ ಅಪ್ಪ ಮಗಳಿಗೆ ಮಾತಿಲ್ಲ. ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದಾಗಲೇ ಅವಳು ಬಂದಳು.

“ಅಪ್ಪಾಜಿ, ನನ್ನಲ್ಲಿ ಏನ್ ಕಮ್ಮಿ ಐತೆ?”

ಕೊಬ್ಬರಿ ಆರಿಸುತ್ತಿದ್ದ ರುದ್ರಣ್ಣನ ಕೈ ನಿಂತಿತು. “ಆಟ ಕಮ್ಮಿ ಇಲ್ಲ ಕಣವ್ವ. ಚೆಂಡು ಹೋದ ತಕ್ಷಣ ನೀನು ನನ್ ಮುಖ ನೋಡ್ತೀಯ. ಅಷ್ಟೊತ್ತಿಗೆ ಅದು ದೂರ ಹೋಗಿರ್ತೈತೆ.”

“ಹಂಗಾದ್ರೆ ನೀವು ಬರ್ಬೇಡಿ,” ಎಂದಳು.

“ಆಯ್ತು. ಬರಲ್ಲ.”

ನೊಂದ ಮಾತು, ನಾಲ್ಕು ದಿನಕ್ಕೆ ಆರುತ್ತದೆ ಎಂದುಕೊಂಡೆ. ಮರುವರ್ಷ ಆಯ್ಕೆಯ ದಿನ ರುದ್ರಣ್ಣ ಅಂಗಡಿಯಲ್ಲೇ ಕುಳಿತಿದ್ದರು. ಶಶಿಕಲಾಳ ಹೆಸರು ಓದಿದ ಕೂಡಲೇ ನಾನು ಓಡಿ ಬಂದೆ. “ಆದ್ಲು ಅಣ್ಣ!”

ಅವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. “ಚೆಂಡು ಕಳ್ಕಂಡಾಗ ಎತ್ಲಾಗ್ ನೋಡ್ತಿದ್ಲು?”

“ಚೆಂಡಿನ ಕಡೀಕೇ.”

“ಸಾಕು ಬಿಡು,” ಎಂದರು.

ಅವಳು ರಾಜ್ಯ ತಂಡಕ್ಕೂ ಆಡಿದಳು. ರುದ್ರಣ್ಣ ಒಂದು ಪಂದ್ಯಕ್ಕೂ ಹೋಗಲಿಲ್ಲ. ಯಾರ ಹೆಸರನ್ನೂ ಮತ್ತೆ ಅಂದಾಜು ಮಾಡಲಿಲ್ಲ. ಹೋದ ವರ್ಷ ತೀರಿಕೊಂಡರು. ಈಗ ಹಾಸನದಲ್ಲಿ ವ್ಯಾಯಾಮ ಶಿಕ್ಷಕಿಯಾಗಿರುವ ಶಶಿಕಲಾ, ಶಿವಗಣಾರಾಧನೆಯ ದಿನ ಬಂದವರೆಲ್ಲ ಊಟ ಮಾಡಿ ಹೋದ ಮೇಲೆ ನನ್ನ ಪಕ್ಕ ಬಂದು ಕುಳಿತಳು.

“ಮ್ಯಾಚ್ ಮುಗಿದ್ಮೇಲೆ ಪ್ರತಿ ಸಲ ಜನದೊಳಗೆ ಹುಡುಕ್ತಿದ್ದೆ ಮಾಮ, ಬಂದಿರ್ತಾರೇನೋ ಅಂತ. ಬನ್ನಿ ಅಂತ ನಾನೂ ಕರೀಲಿಲ್ಲ. ನಾನು ಕರೀಲಿ ಅಂತ ಅಪ್ಪಾಜಿ ಕಾದ್ರು, ಅವರೇ ಬರ್ಲಿ ಅಂತ ನಾನು ಕಾದೆ.”

ಅವಳ ಕೈ ಹಿಡಿದುಕೊಂಡು ಕುಳಿತೆ.

ಮೊನ್ನೆ ಅರಸೀಕೆರೆಯಲ್ಲಿ ಬಸ್ಸಿಳಿದಾಗ, ಆ ಹುಡುಗಿಯರ ಜೊತೆ ಬಂದಿದ್ದ ಒಬ್ಬಳ ತಂದೆ ಆಯ್ಕೆ ನಡೆಯುವ ಮೈದಾನಕ್ಕೆ ದಾರಿ ಕೇಳಿದರು. ತೋರಿಸಿದೆ. ನನಗೂ ಹಾಕಿಯ ಗೀಳಿದೆ ಎಂದು ತಿಳಿದು, “ನಮ್ ಹುಡುಗಿ ಆಯ್ತಾಳಾ ಸಾರ್?” ಎಂದರು. ಹುಡುಗಿಯೂ ನನ್ನ ಮುಖ ನೋಡಿದಳು. ನನ್ನ ನಾಲಿಗೆಯ ತುದಿಯಲ್ಲಿ ಉತ್ತರವಿತ್ತು, ನುಂಗಿಕೊಂಡೆ.

“ಗೊತ್ತಿಲ್ಲಪ್ಪ. ಅವಳು ಆಡ್ಲಿ, ನಾವು ಕಾಫಿ ಕುಡಿಯೋಣ ಬನ್ನಿ. ಆದ್ರೆ ಮುಗಿಯೋ ಹೊತ್ಗೆ ನೀವು ಅಲ್ಲಿರ್ಬೇಕು.”

ಆಟ ಮುಗಿಯುವ ಮುಂಚೆಯೇ ಅವರನ್ನು ಮೈದಾನದ ಗೇಟಿನವರೆಗೂ ಕರೆದೊಯ್ದು ಬಿಟ್ಟೆ. ಹೆಸರು ಓದುವುದನ್ನು ಕೇಳಲು ನಿಲ್ಲದೆ ಮನೆಗೆ ಬಂದೆ.