ಹುಣ್ಣಿಮೆಯ ದಿನ ಬೆದೆಗೆ ಬಂದ ಮೇಕೆಗಳು

೨೦೨೫ನೆಯ ಇಸವಿ ಫೆಬ್ರವರಿ ೧೨, ಬುಧವಾರ. ಶಿಶಿರ ಋತು, ಮಾಘ ಹುಣ್ಣಿಮೆ. ನಂದಗುಡಿ ಹೋಬಳಿಯಲ್ಲಿ ಬೆಳಗ್ಗೆ ಎಂಟಾದರೂ ಮಂಜು ಕರಗಿರಲಿಲ್ಲ. ಅಂದು ನೆಲಮಂಗಲದ ಬೀಗರ ಮನೆಯಲ್ಲಿ ಮಗಳು ಸಿಂಧುವಿನ ಸೀಮಂತ. ಅದೇ ಹೊತ್ತಿಗೆ ಊರಿನ ಹದಿನಾಲ್ಕು ಮೇಕೆಗಳಿಗೆ ಕೃತಕ ಗರ್ಭಧಾರಣೆ. ಅಲ್ಲಿ ತಾಯಿಯಾಗಿ, ಇಲ್ಲಿ ವೀರ್ಯದ ಸೂಜಿ ಹಾಕುವವಳಾಗಿ, ಎರಡೂ ಕಡೆ ಲಕ್ಷ್ಮೀದೇವಮ್ಮನೇ ಇರಬೇಕಿತ್ತು.

ಆಕೆ ಜನಿಸಿದ್ದು ೧೯೭೮ರ ಜೂನ್ ೬ರಂದು, ಸೂಲಿಬೆಲೆಯಲ್ಲಿ. ೨೦೨೧ರ ನವೆಂಬರಿನಲ್ಲಿ ಈ ಕೆಲಸದ ತರಬೇತಿ ಪಡೆದು ಬಂದಾಗ ಊರು ನಕ್ಕಿತ್ತು. "ಹೋತ ಇರೋವಾಗ ಸೂಜಿ ಯಾಕವ್ವಾ? ಅದುಕ್ಕೇನು ಸಂಬಳ ಕೊಡ್ತೀವಾ?" ಎಂದಿದ್ದವರು ಎಂಟು ಮೇಕೆಗಳ ಒಡೆಯ ಅಪ್ಪಯ್ಯಣ್ಣ. ಊರಿಗೆಲ್ಲ ಇದ್ದ ಗಂಡು ಮೇಕೆ ಆ ಹೋತವೊಂದೇ ಆದ್ದರಿಂದ ಮರಿಗಳ ಮೈ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿತ್ತು. ಸೂಜಿಯಿಂದ ಹುಟ್ಟಿದ ಮೊದಲ ಮರಿಗಳ ಮೈಕಟ್ಟು ಕಂಡ ಮೇಲೆ ನಗು ನಿಂತಿತು. ಆಕೆಯೇ ಒತ್ತಾಯಿಸಿ ೨೦೨೪ರ ಜೂನಿನಲ್ಲಿ, ಬಕ್ರೀದಿಗೆ ಮುನ್ನ, ಆ ಹೋತವನ್ನು ಮಾರಿಸಿದಳು.

ಮೇಕೆಗಳೆಲ್ಲ ಒಂದೇ ದಿನ ಬೆದೆಗೆ ಬರಲೆಂದು ಅವುಗಳೊಳಗೆ ಹನ್ನೊಂದು ದಿನ ಔಷಧದ ಸ್ಪಂಜು ಇಡುತ್ತಾರೆ. ಅದನ್ನು ತೆಗೆದ ಎರಡನೆಯ ದಿನವೇ ವೀರ್ಯ ಹಾಕಬೇಕು. ಜನವರಿ ೨೯ರಂದು ಸ್ಪಂಜು ಇಡಲು ಹೋದಾಗ ಅಪ್ಪಯ್ಯಣ್ಣ, ಹದಿನಾಲ್ಕು ಮೇಕೆಗಳನ್ನೂ ಕೂಡಿಸಿದ್ದ ತಮ್ಮ ಕೊಟ್ಟಿಗೆಗೆ ಅಡ್ಡ ನಿಂತರು.

"ಅಮಾಸೆ ದಿನ ಹೊಸ ಕೆಲ್ಸಕ್ಕೆ ಕೈ ಹಾಕ್ತಾರೇನವ್ವಾ? ನಾಳೀಕೆ ಬಾ."

"ಮೇಕೆಗೆ ಯಾವ ಅಮಾಸೆ ಅಣ್ಣಾ?"

"ಮೇಕೆಗಿಲ್ಲ, ನಂಗೈತೆ."

ಮನೆಯ ವಿಷಯದಲ್ಲಾದರೆ ಅಮಾವಾಸ್ಯೆಯಂದು ಆಕೆಯೂ ಯಾವುದನ್ನೂ ಆರಂಭಿಸಿದವಳಲ್ಲ. ಹಿಂದಿರುಗಿ, ಮರುದಿನ ಇಟ್ಟಳು. ಹೀಗೆ ಫೆಬ್ರವರಿ ೧೧ಕ್ಕೆ ಮುಗಿಯಬೇಕಾದ ಕೆಲಸ ೧೨ಕ್ಕೆ ಸರಿಯಿತು. ಸೀಮಂತ ೧೪ಕ್ಕಿದ್ದುದರಿಂದ ಚಿಂತೆಯಿರಲಿಲ್ಲ. ೧೦ರ ಬೆಳಗ್ಗೆ ಸ್ಪಂಜು ತೆಗೆದಾಯಿತು. ಅಂದೇ ಸಂಜೆ ಬೀಗಿತಿ ರುಕ್ಮಿಣಮ್ಮನವರ ಫೋನು: ಜೋಯಿಸರು ಹುಣ್ಣಿಮೆಯೇ ಶ್ರೇಷ್ಠವೆಂದಿದ್ದಾರೆ, ಬುಧವಾರವೇ ಬನ್ನಿ.

ಚೊಚ್ಚಲ ಬಸುರಿಯ ಮಡಿಲನ್ನು ತಾಯಿಯೇ ತುಂಬಿ, ಅಂದೇ ತವರಿಗೆ ಕರೆತರುವುದು ಆ ಮನೆತನದ ಕಟ್ಟುನಿಟ್ಟು. ತಾಯಿ ಬಾರದಿದ್ದರೆ ಹೆರಿಗೆ ಅತ್ತೆಮನೆಯಲ್ಲೇ.

ಹೋಬಳಿಯಲ್ಲಿ ಮೇಕೆಗೆ ಸೂಜಿ ಹಾಕಬಲ್ಲವರು ಬೇರೆ ಇರಲಿಲ್ಲ. ೧೧ರಂದು ಆಕೆ ಅಪ್ಪಯ್ಯಣ್ಣನವರನ್ನು ಕೇಳಿದಳು: "ಈ ಸಲ ಎಲ್ಲಿಂದಾದ್ರೂ ಹೋತ ತರಿಸ್ಕೊಳ್ಳಣ್ಣಾ."

"ಹದಿನಾಲ್ಕು ಮೇಕೆ ಒಂದೇ ದಿನ! ಒಂದು ಹೋತ ಏನ್ ಮಾಡ್ತದವ್ವಾ, ಸತ್ತೇ ಹೋಯ್ತದೆ. ನಿನ್ನ ಮಾತು ಕೇಳ್ಕೊಂಡೇ ಅಲ್ವಾ ಇದ್ದುದ್ನ ಮಾರಿದ್ದು?"

ಆಕೆ ಮನೆಗೆ ಹೋಗಿ ಮಡಿಲಕ್ಕಿಯನ್ನು ಒಬ್ಬರೇ ಹೊರುವಂತೆ ಕಟ್ಟಿಟ್ಟಳು.

ಬುಧವಾರ ಹಸಿರು ಬಳೆ, ಮಡಿಲಕ್ಕಿ ಹೊತ್ತು ಪತಿ ದೇವರಾಜ್ ಒಬ್ಬರೇ ಬಸ್ಸು ಹತ್ತಿದರು. ಕೊಟ್ಟಿಗೆಯಲ್ಲಿ ಮೇಕೆಗಳು ಬಾಲ ಅಲ್ಲಾಡಿಸುತ್ತ ಅರಚುತ್ತಿದ್ದವು. ಅಪ್ಪಯ್ಯಣ್ಣ ಮೊದಲನೆಯದರ ಹಿಂಗಾಲುಗಳನ್ನೆತ್ತಿ ಹಿಡಿದಾಗ ಫೋನು ಬಂತು.

"ಅಮ್ಮಾ, ಎಲ್ಲಾರೂ ಕೇಳ್ತಾವ್ರೆ. ಏನು ಹೇಳ್ಲಿ? ಮೇಕೆ ಬಸ್ರು ಮಾಡೋಕೆ ಹೋಗವ್ಳೆ ಅನ್ಲಾ?"

"ಬಸ್ಸು ಸಿಗ್ಲಿಲ್ಲ ಅನ್ನು ಮಗಾ."

"ಅಪ್ಪಂಗೆ ಸಿಕ್ತಲ್ಲ!"

ಫೋನು ಕಟ್ಟಾಯಿತು. ಬಿಸಿನೀರಿನಲ್ಲಿಟ್ಟ ಹೆಪ್ಪುಗಟ್ಟಿದ ವೀರ್ಯದ ಕಡ್ಡಿ ಕರಗಿತ್ತು, ಇನ್ನು ತಡಮಾಡುವಂತಿರಲಿಲ್ಲ. ಆಕೆ ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಬಾಗಿದಳು.

ಹದಿನಾಲ್ಕರಲ್ಲಿ ಎಂಟು ಮೇಕೆಗಳು ಗಬ್ಬ ಕಟ್ಟಿ, ಜುಲೈ ೯ರಿಂದ ೧೫ರೊಳಗೆ ಹದಿಮೂರು ಮರಿ ಹಾಕಿದವು. ಸಿಂಧು ಏಪ್ರಿಲ್ ೨೦ರಂದು ನೆಲಮಂಗಲದಲ್ಲೇ ಹೆಣ್ಣುಮಗುವನ್ನು ಹೆತ್ತಳು, ಬಾಣಂತನ ರುಕ್ಮಿಣಮ್ಮನವರದು. ಲಕ್ಷ್ಮೀದೇವಮ್ಮ ಮೊಮ್ಮಗಳನ್ನು ಕಂಡಿದ್ದು ಏಪ್ರಿಲ್ ೩೦ರ ನಾಮಕರಣದಲ್ಲಿ, ಎರಡು ಗಂಟೆ ಕಾಲ. ನವೆಂಬರಿನಲ್ಲಿ ಊರವರು ಮುಂದಿನ ಸರದಿಗೆ ಇಪ್ಪತ್ತೊಂದು ಮೇಕೆಗಳನ್ನು ಬರೆಸಿದರು. ಹೋತವನ್ನು ಯಾರೂ ಕೊಳ್ಳಲಿಲ್ಲ.